ಗಾಳದಿಂದ ಬಿಡಿಸಿ ಬಿಟ್ಟ ಟ್ರೌಟ್ ಮರುದಿನ ಸಾಯುವುದೇಕೆ?

ಪ್ರಶ್ನೆ: ಕೆಲವು ವರ್ಷಗಳಿಂದ ಬೇಸಗೆಯಲ್ಲಿ ಬೆಟ್ಟದ ತೊರೆಗಳಿಗೆ ಹೋಗಿ, ಗಾಳಕ್ಕೆ ಕೃತಕ ನೊಣ ಕಟ್ಟಿ ಟ್ರೌಟ್ ಹಿಡಿಯುತ್ತಿದ್ದೇನೆ. ಹಿಡಿದ ಮೀನನ್ನು ತಿನ್ನುವುದಿಲ್ಲ, ಬಿಟ್ಟುಬಿಡುತ್ತೇನೆ. ಹಿಮ್ಮುಳ್ಳಿಲ್ಲದ, ಅಂದರೆ ಕಳಚದಂತೆ ತಡೆಯುವ ಹಿಂಚೂಪು ಇಲ್ಲದ ಕೊಕ್ಕೆಯನ್ನೇ ಬಳಸುತ್ತೇನೆ. ಕೈ ಒದ್ದೆ ಮಾಡಿಕೊಳ್ಳದೆ ಮೀನನ್ನು ಮುಟ್ಟುವುದಿಲ್ಲ. ಬಿಡುವ ಮೊದಲು ನೀರಿನಲ್ಲಿ ಹಿಂದಕ್ಕೂ ಮುಂದಕ್ಕೂ ಆಡಿಸುತ್ತೇನೆ. ನೀರು ತುಂಬ ತಿಳಿಯಾದ್ದರಿಂದ ತುದಿಗೆ 6ಎಕ್ಸ್ ಎಂಬ ಅಳತೆಯ ತೆಳುದಾರ ಕಟ್ಟುತ್ತೇನೆ. ಬಿಟ್ಟ ಮೀನುಗಳೆಲ್ಲ ಈಜಿಕೊಂಡೇ ಹೋಗುತ್ತವೆ. ಆದರೂ ಕಳೆದ ಬಾರಿ ಮಧ್ಯಾಹ್ನ ಬಿಟ್ಟ ದೊಡ್ಡ ಮೀನೊಂದು ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆ ಮೇಲಾಗಿ ತೇಲಿತು. ಮರುದಿನ ಬೆಳಿಗ್ಗೆ ಕೆಳಗಿನ ಮಡುವಿನ ತಳದಲ್ಲಿ ಇನ್ನೆರಡು ಸತ್ತು ಬಿದ್ದಿದ್ದವು. ಜೊತೆಗಾರರೊಬ್ಬರು ಹೊಟ್ಟೆಗೆ ಸೂಜಿ ಚುಚ್ಚಿ ಗಾಳಿ ತೆಗೆಯಬೇಕಿತ್ತು ಎನ್ನುತ್ತಾರೆ. ಇನ್ನೊಬ್ಬರು, ನೀರು ಇಷ್ಟು ನೊರೆಯೆದ್ದು ಧುಮುಕುವಾಗ ಆಮ್ಲಜನಕಕ್ಕೆ ಕೊರತೆ ಎಲ್ಲಿಂದ ಬಂತು, ಕೈ ಸೋಕಿದ್ದರಿಂದಲೇ ಸತ್ತಿರಬೇಕು ಎನ್ನುತ್ತಾರೆ. ನೊಣಕ್ಕೆ ಮೀನು ಬಾರದ ದಿನ ಎರೆಹುಳು ಕಟ್ಟುವುದೂ ಉಂಟು. ಆಗ ಕೊಕ್ಕೆ ನುಂಗಿಬಿಟ್ಟ ಮೀನನ್ನು ಏನು ಮಾಡಬೇಕು? ಹೀಗೆ ಹಿಡಿದು ಬಿಡುವುದರಿಂದ ನಿಜಕ್ಕೂ ಉಪಯೋಗವಿದೆಯೇ, ಅಥವಾ ಅದು ನನ್ನ ಸಮಾಧಾನಕ್ಕೆ ಮಾತ್ರವೇ?

ಉತ್ತರ: ನೀವು ಬರೆದಿರುವ ಎಚ್ಚರಿಕೆಗಳಲ್ಲಿ ಹೆಚ್ಚಿನವು ಸರಿಯಾದವೇ. ಆದರೆ ಅವೆಲ್ಲವೂ ಮೀನು ಕೈಗೆ ಬಂದ ಮೇಲಿನವು. ಆ ಮಧ್ಯಾಹ್ನ ನೀರಿನ ಉಷ್ಣತೆ ಎಷ್ಟಿತ್ತು, ಆ ದೊಡ್ಡ ಮೀನು ಕೊಕ್ಕೆಗೆ ಸಿಕ್ಕಿದ ಮೇಲೆ ಎಷ್ಟು ನಿಮಿಷ ದಾರದ ತುದಿಯಲ್ಲಿ ಹೆಣಗಿತು ಎಂಬ ಎರಡು ವಿವರಗಳು ನಿಮ್ಮ ಪತ್ರದಲ್ಲಿಲ್ಲ. ಮೀನು ಮರಿ ಉತ್ಪಾದನಾ ಕೇಂದ್ರಗಳಲ್ಲಿಯೂ ಹೊಳೆಗಳ ಸಮೀಕ್ಷೆಯಲ್ಲಿಯೂ ಟ್ರೌಟ್ ಮೀನುಗಳನ್ನು ಕೈಯಲ್ಲಿ ಹಿಡಿಯುವುದೇ ಕಸುಬಾಗಿದ್ದವನಾಗಿ ನಾನು ಮೊದಲು ಕೇಳುವುದು ಇವೆರಡನ್ನೇ. ಬಿಟ್ಟ ಮೀನು ಬದುಕುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ನೀವು ಅದನ್ನು ಮುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ.

ಈಜಿಕೊಂಡು ಹೋದ ಮೀನು ಬದುಕಿತೆಂದು ತಿಳಿಯುವುದು ಸಹಜ, ಆದರೆ ಅದು ನಿಜವಾಗಬೇಕಿಲ್ಲ. ಟ್ರೌಟಿನ ದೇಹದ ಬಹುಭಾಗ ಬಿಳಿ ಸ್ನಾಯು. ನಿಧಾನವಾಗಿ ಈಜುವಾಗ ಪಕ್ಕದ ಗೆರೆಯ ಗುಂಟ ಇರುವ ತೆಳುವಾದ ಕೆಂಪು ಸ್ನಾಯು ಮಾತ್ರ ಕೆಲಸ ಮಾಡುತ್ತದೆ, ಅದಕ್ಕೆ ಬೇಕಾದ ಆಮ್ಲಜನಕವನ್ನು ರಕ್ತ ಒದಗಿಸುತ್ತಿರುತ್ತದೆ. ಪ್ರಾಣಭಯದಿಂದ ಜಗ್ಗುವಾಗ ದುಡಿಯುವುದು ಬಿಳಿ ಸ್ನಾಯು. ಅದು ಆಮ್ಲಜನಕಕ್ಕೆ ಕಾಯದೆ, ತನ್ನೊಳಗೆ ಕೂಡಿಟ್ಟುಕೊಂಡ ಗ್ಲೈಕೊಜೆನ್ ಎಂಬ ಸಕ್ಕರೆಯ ದಾಸ್ತಾನನ್ನು ಕೆಲವೇ ನಿಮಿಷಗಳಲ್ಲಿ ಖರ್ಚು ಮಾಡಿ, ಲ್ಯಾಕ್ಟಿಕ್ ಆಮ್ಲವನ್ನು ಹಿಂದೆ ಬಿಡುತ್ತದೆ. ಆ ಆಮ್ಲ ಸ್ನಾಯುವಿನಿಂದ ರಕ್ತಕ್ಕೆ ಸೋರಿ ಬರಲು ಸಮಯ ಬೇಕಾದ್ದರಿಂದ, ರಕ್ತದಲ್ಲಿ ಅದರ ಮಟ್ಟ ಅತಿ ಹೆಚ್ಚಾಗುವುದು ಹೋರಾಟ ಮುಗಿದು ಒಂದೆರಡು ಗಂಟೆಗಳಾದ ಮೇಲೆ. ಎಲ್ಲವೂ ಮೊದಲಿನ ಸ್ಥಿತಿಗೆ ಮರಳಲು ಎಂಟು ಹತ್ತು ಗಂಟೆ, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು ಹಿಡಿಯುತ್ತದೆ. ಪೂರ್ತಿ ದಣಿದ ಟ್ರೌಟ್ ಸಾಯುವುದಾದರೆ ಈ ಅವಧಿಯಲ್ಲಿ ಸಾಯುತ್ತದೆ, ನಿಮ್ಮ ಕೈಯಲ್ಲಿ ಅಲ್ಲ. ನೀವು ಮರುದಿನ ಕಂಡ ಎರಡು ಮೀನುಗಳ ಕತೆ ಬಹುಶಃ ಇದೇ. ಅವು ತಳದಲ್ಲಿದ್ದುದೂ ಸರಿಯೇ: ತಣ್ಣೀರಿನಲ್ಲಿ ಸತ್ತ ಟ್ರೌಟ್ ಸಾಮಾನ್ಯವಾಗಿ ಮುಳುಗುತ್ತದೆ, ಕಲ್ಲಿನ ಸಂದಿಗೆ ಸೇರುತ್ತದೆ, ನೀರುನಾಯಿಯೋ ಹಕ್ಕಿಯೋ ಒಯ್ಯುತ್ತದೆ. ಕಣ್ಣಿಗೆ ಬಿದ್ದ ಸಂಖ್ಯೆಯನ್ನೇ ಸತ್ತವುಗಳ ಸಂಖ್ಯೆ ಎಂದುಕೊಳ್ಳುವಂತಿಲ್ಲ.

ಇನ್ನು ನೊರೆಯ ಮಾತು. ನಿಮ್ಮ ಜೊತೆಗಾರರ ವಾದವನ್ನು ತುಂಬ ಜನ ಹೇಳುತ್ತಾರೆ, ಅದರಲ್ಲಿ ಅರ್ಧ ಸತ್ಯವೂ ಇದೆ. ಬಂಡೆಗಳ ಮೇಲೆ ಧುಮುಕುವ ನೀರು ಗಾಳಿಯೊಂದಿಗೆ ಬೆರೆತು, ತಾನು ಹಿಡಿದಿಟ್ಟುಕೊಳ್ಳಬಲ್ಲಷ್ಟು ಆಮ್ಲಜನಕವನ್ನು ತುಂಬಿಕೊಂಡಿರುತ್ತದೆ. ಆದರೆ ಎಷ್ಟು ಹಿಡಿದಿಟ್ಟುಕೊಳ್ಳಬಲ್ಲದು ಎಂಬುದನ್ನು ನಿರ್ಧರಿಸುವುದು ನೊರೆಯಲ್ಲ, ಉಷ್ಣತೆ ಮತ್ತು ಗಾಳಿಯ ಒತ್ತಡ. ಸಮುದ್ರಮಟ್ಟದಲ್ಲಿ 10 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಹಿಡಿದರೆ, 20 ಡಿಗ್ರಿಯ ನೀರು 9.1 ಮಿಲಿಗ್ರಾಂ ಮಾತ್ರ ಹಿಡಿಯುತ್ತದೆ. ಬೆಟ್ಟ ಹತ್ತಿದಂತೆ ಗಾಳಿಯ ಒತ್ತಡ ಇಳಿಯುವುದರಿಂದ ಇದು ಇನ್ನೂ ಕುಗ್ಗುತ್ತದೆ; 2000 ಮೀಟರ್ ಎತ್ತರದಲ್ಲಿ ಅದೇ 20 ಡಿಗ್ರಿಯ ನೀರಿನಲ್ಲಿ 7 ಮಿಲಿಗ್ರಾಂಗಿಂತ ಸ್ವಲ್ಪವೇ ಹೆಚ್ಚು ಇರಲು ಸಾಧ್ಯ. ಎತ್ತರದ ತೊರೆ ಎಂದರೆ ಆಮ್ಲಜನಕ ಧಾರಾಳ ಎಂಬ ನಂಬಿಕೆ ಆ ನೀರು ತಣ್ಣಗಿರುವವರೆಗೆ ಮಾತ್ರ ನಿಲ್ಲುತ್ತದೆ.

ಒದಗಣೆ ಹೀಗೆ ಇಳಿಯುವ ಹೊತ್ತಿಗೇ ಬೇಡಿಕೆ ಏರುತ್ತದೆ ಎಂಬುದು ಹೆಚ್ಚು ತೊಡಕಿನ ಸಂಗತಿ. ಮೀನು ಶೀತರಕ್ತದ ಪ್ರಾಣಿ. ನೀರು ಬೆಚ್ಚಗಾದಂತೆ ಅದರ ದೇಹದೊಳಗಿನ ಎಲ್ಲ ಕ್ರಿಯೆಗಳೂ ವೇಗ ಪಡೆಯುತ್ತವೆ. 10 ಡಿಗ್ರಿಯಿಂದ 20 ಡಿಗ್ರಿಗೆ ಹೋಗುವಾಗ ಸುಮ್ಮನೆ ನಿಂತ ಟ್ರೌಟಿಗೆ ಬೇಕಾಗುವ ಆಮ್ಲಜನಕವೇ ಸುಮಾರು ಎರಡು ಪಟ್ಟಾಗುತ್ತದೆ. ಹೀಗಾಗಿ ಹೋರಾಟದ ಸಾಲ ತೀರಿಸಲು ಅದರ ಬಳಿ ಉಳಿಯುವ ಮಿಗುತಾಯ ತೀರ ಕಡಿಮೆ. ಬೆಳಿಗ್ಗೆ ಇದೇ ಮಡುವಿನಲ್ಲಿ, ಇದೇ ದಾರದಲ್ಲಿ, ಇಷ್ಟೇ ಹೊತ್ತು ಸೆಣಸಿದ ಮೀನು ಚೇತರಿಸಿಕೊಂಡು, ಮಧ್ಯಾಹ್ನದ ಮೀನು ಸತ್ತುಹೋದರೆ ಅದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ಕಂದು ಟ್ರೌಟ್ ಮತ್ತು ರೇನ್‌ಬೋ ಟ್ರೌಟ್ ಎರಡಕ್ಕೂ 12ರಿಂದ 16 ಡಿಗ್ರಿಯ ನೀರು ಹಿತಕರ. 19 ದಾಟಿದ ಮೇಲೆ ಕಂದು ಟ್ರೌಟ್ ತಿನ್ನುವುದನ್ನೇ ಕಡಿಮೆ ಮಾಡುತ್ತದೆ. 25 ಡಿಗ್ರಿಯ ಆಸುಪಾಸಿನಲ್ಲಿ ದಿನಗಟ್ಟಲೆ ಇದ್ದರೆ ಯಾರೂ ಮುಟ್ಟದಿದ್ದರೂ ಸಾಯುತ್ತದೆ. ನಾನು ಪಾಲಿಸುವ ಲೆಕ್ಕ ಸರಳವಾದದ್ದು: 18 ಡಿಗ್ರಿಯವರೆಗೆ ನಿಶ್ಚಿಂತೆ, 18ರಿಂದ 20ರವರೆಗೆ ಸಣ್ಣ ಮೀನುಗಳಿರುವ ವೇಗದ ಹರಿವಿನಲ್ಲಿ ಮಾತ್ರ ಮತ್ತು ಬೇಗ ಮುಗಿಸುವ ನಿರ್ಧಾರದೊಂದಿಗೆ, 20 ಮುಟ್ಟಿದರೆ ರಾಡ್ (ಗಾಳದ ಕೋಲು) ಬಿಚ್ಚಿಟ್ಟುಬಿಡುವುದು. ಅಮೆರಿಕದ ಮೊಂಟಾನಾದಲ್ಲಿ ನೀರಿನ ಉಷ್ಣತೆ ಸತತ ಮೂರು ದಿನ 73 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 22.8 ಡಿಗ್ರಿ ಸೆಲ್ಸಿಯಸ್ ಮುಟ್ಟಿದ ಟ್ರೌಟ್ ನದಿಗಳಲ್ಲಿ ಮಧ್ಯಾಹ್ನ 2ರಿಂದ ನಡುರಾತ್ರಿಯವರೆಗೆ ಗಾಳ ಹಾಕುವುದನ್ನು ನಿಷೇಧಿಸುವ ಪದ್ಧತಿಯಿದೆ. ಆ ಮಿತಿಯೂ ಮೀನಿನ ದೃಷ್ಟಿಯಿಂದ ತುಸು ಉದಾರವೆಂದೇ ನನ್ನ ಅಭಿಪ್ರಾಯ. ಆದರೆ ಅದು ನಡುರಾತ್ರಿಯವರೆಗೆ ಏಕೆ ಎಂಬುದನ್ನು ಗಮನಿಸಿ. ಸೂರ್ಯ ಇಳಿದು ಗಾಳಿ ತಂಪಾದ ಕೂಡಲೇ ನೀರೂ ತಂಪಾಯಿತೆಂದು ನಮಗೆ ಅನ್ನಿಸುತ್ತದೆ. ನೀರು ಅಷ್ಟು ಬೇಗ ಶಾಖ ಬಿಟ್ಟುಕೊಡುವುದಿಲ್ಲ. ಹೊಳೆಯ ಉಷ್ಣತೆ ಶಿಖರ ಮುಟ್ಟುವುದೇ ಸಾಮಾನ್ಯವಾಗಿ ಮಧ್ಯಾಹ್ನದ ಕೊನೆಗೆ ಅಥವಾ ಸಂಜೆಯ ಮೊದಲ ಭಾಗದಲ್ಲಿ, ಅತಿ ಕಡಿಮೆಯಾಗುವುದು ಬೆಳಗಿನ ಜಾವದಲ್ಲಿ. ಬಿಸಿಲು ಕಡಿಮೆಯಾಯಿತೆಂದು ಐದು ಗಂಟೆಗೆ ಹೊಳೆಗಿಳಿಯುವವರು ಅನೇಕ ವೇಳೆ ದಿನದ ಅತ್ಯಂತ ಕೆಟ್ಟ ಹೊತ್ತನ್ನೇ ಆರಿಸಿಕೊಂಡಿರುತ್ತಾರೆ.

ಉಷ್ಣತೆಯನ್ನು ಅಳೆಯುವಲ್ಲಿಯೂ ತಪ್ಪಲು ಅವಕಾಶವಿದೆ. ದಡದ ಪಕ್ಕದ ಆಳವಿಲ್ಲದ ನಿಂತ ನೀರು ನಡುಹೊಳೆಗಿಂತ ಬೆಚ್ಚಗಿರುತ್ತದೆ, ಕಲ್ಲಿನ ಕೆಳಗಿಂದ ಒರತೆ ಬರುವ ಕಡೆ ತಣ್ಣಗಿರುತ್ತದೆ. ಎರಡೂ ಹೊಳೆಯ ನಿಜವಾದ ಸ್ಥಿತಿಯನ್ನು ಹೇಳುವುದಿಲ್ಲ. ಮೊಣಕಾಲು ಆಳದ ಹರಿಯುವ ನೀರಿನಲ್ಲಿ, ಸಾಧ್ಯವಾದರೆ ನೆರಳಿನಲ್ಲಿ, ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ ತಳದ ಹತ್ತಿರ ಇಳಿಸಿ, ಒಂದೆರಡು ನಿಮಿಷ ಬಿಟ್ಟು, ಮೇಲೆತ್ತಿದ ತಕ್ಷಣ ಓದಿ. ಹೊಳೆಗಿಳಿಯುವ ಮೊದಲೊಮ್ಮೆ, ಆಮೇಲೆ ಗಂಟೆಗೊಮ್ಮೆ ಅಳೆದರೆ ಸಾಕು. ಹಿಮ ಕರಗಿದ ನೀರಿನ ತೊರೆ ಕಡುಬೇಸಗೆಯಲ್ಲಿಯೂ 12 ಡಿಗ್ರಿ ದಾಟದಿರಬಹುದು; ಮರದ ನೆರಳಿಲ್ಲದ, ನೀರು ಬತ್ತಿ ಬಂಡೆಗಳು ಮೇಲೆದ್ದ ಪುಟ್ಟ ತೊರೆ ಬೆಳಿಗ್ಗೆ 13 ಇದ್ದದ್ದು ಸಂಜೆ ನಾಲ್ಕಕ್ಕೆ 20 ದಾಟುವುದೂ ಅಪರೂಪವಲ್ಲ. ಹಾಗಾಗಿ ನಿಮ್ಮ ತೊರೆ ಇವೆರಡರಲ್ಲಿ ಯಾವುದಕ್ಕೆ ಹತ್ತಿರ ಎಂಬುದನ್ನು ಊಹಿಸುವ ಬದಲು ಅಳೆದೇ ತಿಳಿಯಬೇಕು. ಮರಿ ಕೇಂದ್ರಗಳಲ್ಲಿ ನಾವು ಮೀನನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸುವ ಅಥವಾ ಬೇರೆಡೆಗೆ ಸಾಗಿಸುವ ಮುನ್ನ ಒಂದೆರಡು ದಿನ ಆಹಾರ ನಿಲ್ಲಿಸುತ್ತೇವೆ, ಏಕೆಂದರೆ ಜೀರ್ಣಕ್ರಿಯೆಯೂ ಆಮ್ಲಜನಕವನ್ನು ಬೇಡುತ್ತದೆ. ನೀರು ಬೆಚ್ಚಗಾದ ದಿನವಂತೂ ಕೆಲಸವನ್ನೇ ಮುಂದೂಡುತ್ತೇವೆ. ಹೊಳೆಯಲ್ಲಿ ನಿಮ್ಮ ನೊಣವನ್ನು ಕಚ್ಚುವ ಮೀನು ಹೊಟ್ಟೆ ತುಂಬ ಉಂಡಿರುವ ಸಾಧ್ಯತೆಯೇ ಹೆಚ್ಚು.

ಎರಡನೆಯ ವಿಷಯ ದಾರದ್ದು. ತಿಳಿನೀರಿಗೆ ತೆಳುದಾರ ಎಂಬುದು ಮೀನು ಕಚ್ಚುವವರೆಗಿನ ಜಾಣತನ, ಕಚ್ಚಿದ ಮೇಲೆ ಅದೇ ತೊಂದರೆ. 6ಎಕ್ಸ್ ದಾರದ ವ್ಯಾಸ ಸುಮಾರು 0.13 ಮಿಲಿಮೀಟರ್, 4ಎಕ್ಸ್ ದಾರದ್ದು 0.18. ವ್ಯತ್ಯಾಸ ಅತ್ಯಲ್ಪವೆಂದು ಕಂಡರೂ ಅಡ್ಡಕೊಯ್ತದ ವಿಸ್ತೀರ್ಣದಲ್ಲಿ ಅದು ಸುಮಾರು ಎರಡು ಪಟ್ಟು, ತಡೆಯುವ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ. ತೆಳುದಾರ ಕಟ್ಟಿದವರು ದಾರ ಹರಿದೀತೆಂಬ ಅಂಜಿಕೆಯಲ್ಲಿ ಮೀನನ್ನು ಓಡಲು ಬಿಟ್ಟು, ಅದು ತಾನಾಗಿಯೇ ಸೋತು ಪಕ್ಕಕ್ಕೆ ವಾಲುವವರೆಗೆ ಕಾಯುತ್ತಾರೆ; ತಿನ್ನಲು ಒಯ್ಯುವ ಮೀನಿಗೆ ಇದು ನಡೆಯುತ್ತದೆ, ಬಿಡುವ ಮೀನಿಗೆ ನಡೆಯದು. ಬೆಟ್ಟದ ತೊರೆಯ ಸಾಮಾನ್ಯ ಗಾತ್ರದ ಮೀನು ಒಂದು ನಿಮಿಷದೊಳಗೆ, ದೊಡ್ಡದು ಎರಡು ಮೂರು ನಿಮಿಷದೊಳಗೆ ಬಲೆಗೆ ಬರಬೇಕು. ಇನ್ನೂ ಕಸುವಿರುವಾಗಲೇ ಬಲೆಗೆ ಬಂದು ಅಲ್ಲಿ ಹೊರಳಾಡುವ ಮೀನನ್ನು ಕಂಡು ಹೊಸಬರು ಗಾಬರಿಯಾಗುತ್ತಾರೆ. ಅದು ಒಳ್ಳೆಯ ಲಕ್ಷಣ. ಬಲೆಯಲ್ಲಿ ತಣ್ಣಗೆ ಮಲಗುವ ಮೀನಿನ ಬಗ್ಗೆಯೇ ಚಿಂತಿಸಬೇಕಾದದ್ದು.

ಬೇಗ ತರುವ ಬಗೆಯೂ ಇದೆ. ರಾಡನ್ನು ನೆಟ್ಟಗೆ ಆಕಾಶಕ್ಕೆ ಎತ್ತಿ ಹಿಡಿದರೆ ಮೀನಿನ ತಲೆ ಮೇಲಕ್ಕೆ ಎಳೆಯಲ್ಪಡುತ್ತದೆಯೇ ಹೊರತು ಅದರ ಓಟಕ್ಕೆ ತಡೆಯಾಗುವುದಿಲ್ಲ. ರಾಡನ್ನು ನೀರಿಗೆ ಸಮಾಂತರವಾಗಿ ಪಕ್ಕಕ್ಕೆ ಬಾಗಿಸಿ, ಮೀನು ಎಡಕ್ಕೆ ಹೊರಟರೆ ಬಲಕ್ಕೆ, ಬಲಕ್ಕೆ ಹೊರಟರೆ ಎಡಕ್ಕೆ ಎಳೆದರೆ ಅದರ ತಲೆ ತಿರುಗಿ, ಬಾಲದ ಹೊಡೆತ ವ್ಯರ್ಥವಾಗುತ್ತದೆ. ನೀವು ಮೀನಿಗಿಂತ ಕೆಳಗೆ ಅಥವಾ ಅದರ ಸಾಲಿನಲ್ಲಿಯೇ ನಿಂತಿರಬೇಕು. ಮೀನು ಸೆಳವಿನೊಂದಿಗೆ ಕೆಳಕ್ಕೆ ಇಳಿದ ಮೇಲೆ ನೀವು ಮೇಲೆಯೇ ನಿಂತು ಎಳೆದರೆ, ಮೀನನ್ನು ಮಾತ್ರವಲ್ಲ, ಹೊಳೆಯನ್ನೂ ಎಳೆಯುತ್ತಿರುತ್ತೀರಿ. ಅಪಾಯ ಇಲ್ಲದಿಲ್ಲ: ದಪ್ಪ ದಾರಕ್ಕೆ ಕೆಲವು ಮೀನುಗಳು ಬರುವುದೇ ಇಲ್ಲ, ಗಟ್ಟಿಯಾಗಿ ಎಳೆದಾಗ ಕೆಲವು ಕೊಕ್ಕೆ ಕಳಚಿಕೊಂಡು ಹೋಗುತ್ತವೆ. ಹೇಗೂ ಬಿಡುವ ಮೀನು ತಾನೇ ಬಿಡಿಸಿಕೊಂಡು ಹೋದರೆ ಅದರಲ್ಲಿ ನಷ್ಟವೇನೂ ನನಗೆ ಕಾಣುವುದಿಲ್ಲ.

ಮೂರನೆಯದು ಗಾಳಿ. ಕಿವಿರಿನ ಎಳೆಗಳು ನೀರಿನಲ್ಲಿ ತೇಲುತ್ತಾ ಬಿಡಿಬಿಡಿಯಾಗಿ ಹರಡಿಕೊಂಡಿರುತ್ತವೆ; ನೀರಿನಿಂದ ಹೊರಗೆ ತೆಗೆದೊಡನೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಉಸಿರಾಟ ಬಹುತೇಕ ನಿಲ್ಲುತ್ತದೆ. 1992ರಲ್ಲಿ ಪ್ರಕಟವಾದ ಫರ್ಗೂಸನ್ ಮತ್ತು ಟಫ್ಟ್ಸ್ ಅವರ ಪ್ರಯೋಗದಲ್ಲಿ ರೇನ್‌ಬೋ ಟ್ರೌಟ್‌ಗಳನ್ನು ಪೂರ್ತಿ ದಣಿಸಿ, ಹನ್ನೆರಡು ಗಂಟೆ ಗಮನಿಸಿದರು. ಗಾಳಿಗೆ ಒಡ್ಡದೆ ಬಿಟ್ಟವುಗಳಲ್ಲಿ ನೂರಕ್ಕೆ 12 ಸತ್ತವು. 30 ಸೆಕೆಂಡು ಹೊರಗಿಟ್ಟವುಗಳಲ್ಲಿ 38. 60 ಸೆಕೆಂಡು ಹೊರಗಿಟ್ಟವುಗಳಲ್ಲಿ 72. ಈ ಅಂಕಿಗಳನ್ನು ಹಾಗೆಯೇ ಹೊಳೆಗೆ ಅನ್ವಯಿಸಬಾರದು, ಏಕೆಂದರೆ ಆ ಮೀನುಗಳಿಗೆ ರಕ್ತ ತೆಗೆಯಲು ಮೊದಲೇ ಶಸ್ತ್ರಕ್ರಿಯೆಯಾಗಿತ್ತು, ದಣಿವೂ ಸಾಮಾನ್ಯ ಗಾಳದ ಹೋರಾಟಕ್ಕಿಂತ ತೀವ್ರವಾಗಿತ್ತು. ಆದರೆ ಏರಿಕೆಯ ದಿಕ್ಕು ಸುಳ್ಳಲ್ಲ: ದಣಿದ ಮೀನಿಗೆ ಅರ್ಧ ನಿಮಿಷಕ್ಕೂ ಒಂದು ನಿಮಿಷಕ್ಕೂ ನಡುವೆ ಬಹಳ ಅಂತರವಿದೆ. ಫೋಟೋ ಬೇಕಿದ್ದರೆ ಕ್ಯಾಮೆರಾ ಸಿದ್ಧವಾಗುವವರೆಗೆ ಮೀನು ಬಲೆಯೊಳಗೆ, ಬಲೆ ನೀರೊಳಗೆ ಇರಲಿ. ಮೇಲೆತ್ತಿ ಹತ್ತು ಸೆಕೆಂಡಿನೊಳಗೆ ಇಳಿಸಿಬಿಡಿ. ನೀರು 18 ದಾಟಿದ ದಿನ ಮೇಲೆತ್ತುವುದೇ ಬೇಡ. ಗಾಳಿಯೇ ಸೊನ್ನೆ ಡಿಗ್ರಿಗಿಂತ ಕೆಳಗಿರುವ ದಿನವೂ ಹಾಗೆಯೇ. ಒದ್ದೆ ಕಿವಿರಿನ ಎಳೆಗಳು ಹೆಪ್ಪುಗಟ್ಟಿ ಹಾನಿಯಾಗಲು ಹೆಚ್ಚು ಹೊತ್ತು ಬೇಕಿಲ್ಲ.

ಈಗ ನಿಮ್ಮ ಜೊತೆಗಾರರ ಮಾತುಗಳಿಗೆ ಬರುತ್ತೇನೆ. ಕೈ ಸೋಕಿದ್ದರಿಂದ ಮೀನು ಒಂದು ರಾತ್ರಿಯಲ್ಲಿ ಸಾಯುವುದಿಲ್ಲ. ಮೈಮೇಲಿನ ಲೋಳೆ ರೋಗಾಣುಗಳಿಗೂ ನೀರಿಗೂ ತಡೆಗೋಡೆ. ಒಣ ಕೈಯಿಂದ ಅಮುಕಿದರೆ, ಒರಟು ಗಂಟಿನ ಬಲೆಯಲ್ಲಿ ಹೊರಳಿಸಿದರೆ, ಎಲ್ಲಕ್ಕಿಂತ ಹೆಚ್ಚಾಗಿ ದಡದ ಒಣ ಕಲ್ಲಿನ ಮೇಲೋ ಮರಳಿನ ಮೇಲೋ ಮಲಗಿಸಿದರೆ ಅದು ಕಿತ್ತುಹೋಗುತ್ತದೆ. ಹಾಗೆ ಗಾಯಗೊಂಡ ಕಡೆ ಕೆಲವು ದಿನಗಳ ಬಳಿಕ ಹತ್ತಿಯ ಎಳೆಯಂಥ ಬಿಳಿ ಬೂಷ್ಟು ಕಾಣಿಸಿಕೊಳ್ಳುತ್ತದೆ. ಸ್ಯಾಪ್ರೊಲೆಗ್ನಿಯ ಎಂಬ ಜೀವಿಯ ಸೋಂಕು ಅದು. ಆದ್ದರಿಂದ ಒದ್ದೆ ಕೈ ಮತ್ತು ಗಂಟಿಲ್ಲದ ರಬ್ಬರ್ ಬಲೆಯ ಅಭ್ಯಾಸವನ್ನು ಬಿಡಬೇಡಿ, ಆದರೆ ಮರುದಿನದ ಸಾವಿಗೆ ಅದರ ಕೊರತೆ ಕಾರಣವೆಂದು ಕೊರಗಲೂ ಬೇಡಿ.

ಹಿಮ್ಮುಳ್ಳಿಲ್ಲದ ಕೊಕ್ಕೆಯ ವಿಷಯದಲ್ಲಿ ನನ್ನ ಮಾತು ಕೆಲವರಿಗೆ ರುಚಿಸದು. ಕೃತಕ ನೊಣ ಮತ್ತು ಸ್ಪಿನ್ನರ್‌ಗಳಲ್ಲಿ (ನೀರಿನಲ್ಲಿ ತಿರುಗುವ ಲೋಹದ ಕೃತಕ ಎರೆಗಳಲ್ಲಿ) ಹಿಡಿದ ಟ್ರೌಟ್‌ಗಳ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 1997ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ ಮುಳ್ಳಿದ್ದ ಕೊಕ್ಕೆಗೂ ಇಲ್ಲದ ಕೊಕ್ಕೆಗೂ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ; ಎರಡರಲ್ಲಿಯೂ ಅದು ನೂರಕ್ಕೆ ನಾಲ್ಕರಿಂದ ಐದರ ನಡುವೆಯೇ ಇತ್ತು. ಮುಳ್ಳಿಲ್ಲದ ಕೊಕ್ಕೆಯ ನಿಜವಾದ ಲಾಭ ಬೇರೆ: ಬಲೆಯನ್ನು ನೀರಿನಲ್ಲಿಯೇ ಇಟ್ಟು, ಚಿಮಟದಿಂದ ಕೊಕ್ಕೆಯ ಬೆನ್ನು ಹಿಡಿದು ಒಮ್ಮೆ ಹಿಮ್ಮುಖವಾಗಿ ತಿರುಗಿಸಿದರೆ ಮೀನನ್ನು ಮುಟ್ಟದೆಯೇ ಕಳಚುತ್ತದೆ. ಆ ಲಾಭವನ್ನು ಪಡೆಯದೆ, ಮುಳ್ಳಿಲ್ಲದ ಕೊಕ್ಕೆ ಹಾಕಿ ಮೀನನ್ನು ಐದು ನಿಮಿಷ ಆಡಿಸಿ, ಒಂದು ನಿಮಿಷ ಮೇಲೆತ್ತಿ ಹಿಡಿದರೆ ಕೊಕ್ಕೆಯ ಪುಣ್ಯ ಮೀನಿಗೆ ತಲುಪುವುದಿಲ್ಲ.

ಹಿಂದೆ ಮುಂದೆ ಆಡಿಸುವುದನ್ನು ದಯವಿಟ್ಟು ಬಿಡಿ. ಕಿವಿರಿನ ರಚನೆ ಬಾಯಿಂದ ಒಳಬಂದು ಹಿಂದಕ್ಕೆ ಹೋಗುವ ನೀರಿಗಾಗಿ ಇದೆ. ಮೀನನ್ನು ಹಿಂದಕ್ಕೆ ಎಳೆದಾಗಲೆಲ್ಲ ಆ ಹರಿವು ತಲೆಕೆಳಗಾಗುತ್ತದೆ. ಮಂದವಾಗಿ ಹರಿಯುವ ನೀರಿನಲ್ಲಿ ತಲೆಯನ್ನು ಸೆಳವಿಗೆ ಎದುರಾಗಿಸಿ, ಹೊಟ್ಟೆಯ ಕೆಳಗೆ ಅಂಗೈ ಒಡ್ಡಿ, ಬಾಲದ ಬುಡವನ್ನು ಹಗುರವಾಗಿ ಹಿಡಿದು ಅಲುಗಾಡಿಸದೆ ನಿಲ್ಲಿಸಿಕೊಂಡರೆ ಸಾಕು, ಉಳಿದದ್ದನ್ನು ಹೊಳೆ ಮಾಡುತ್ತದೆ. ದಡದ ನಿಂತ ನೀರು ಬೆಚ್ಚಗಿರುವುದರಿಂದ ಅದು ಬೇಡ. ನಡುಹೊಳೆಯ ರಭಸವೂ ಬೇಡ, ದಣಿದ ಮೀನನ್ನು ಅದು ಕೊಚ್ಚಿಕೊಂಡು ಹೋಗುತ್ತದೆ. ಕೈಯ ಆಸರೆಯಿಲ್ಲದೆ ನೆಟ್ಟಗೆ ನಿಂತು, ಬಾಲ ಬೀಸಿ ತಾನಾಗಿ ಹೊರಟಾಗ ಬಿಡಿ.

ಸೂಜಿಯ ಸಲಹೆಯನ್ನು ಮಾತ್ರ ಯಾವ ಸಂದರ್ಭದಲ್ಲಿಯೂ ಪಾಲಿಸಬೇಡಿ. ಆಳದಿಂದ ಏಕಾಏಕಿ ಮೇಲೆ ಬಂದ ಕೆಲವು ಜಾತಿಯ ಮೀನುಗಳಲ್ಲಿ ಈಜುಚೀಲ ಉಬ್ಬಿಕೊಂಡು ಅವು ಕೆಳಗಿಳಿಯಲಾಗದೆ ತೇಲುವುದುಂಟು. ಅದನ್ನು ನೋಡಿದವರಿಂದ ಈ ಸಲಹೆ ಹರಡಿರಬೇಕು. ಟ್ರೌಟಿನ ಈಜುಚೀಲಕ್ಕೆ ಅನ್ನನಾಳದೊಂದಿಗೆ ಸಂಪರ್ಕದ ನಳಿಕೆಯೊಂದಿದೆ, ಹೆಚ್ಚಾದ ಗಾಳಿಯನ್ನು ಅದು ಬಾಯಿಂದಲೇ ಹೊರಬಿಡಬಲ್ಲದು. ಮೇಲಾಗಿ ಆಳುದ್ದವೂ ಇಲ್ಲದ ತೊರೆಯ ಮಡುವಿನಲ್ಲಿ ಅಂಥ ಒತ್ತಡದ ಪ್ರಶ್ನೆಯೇ ಹುಟ್ಟುವುದಿಲ್ಲ. ನಿಮ್ಮ ಮೀನು ಹೊಟ್ಟೆ ಮೇಲಾದದ್ದು ದಣಿವಿನಿಂದ ಸಮತೋಲ ತಪ್ಪಿದ್ದರಿಂದ. ಸೂಜಿ ಚುಚ್ಚಿದ್ದರೆ ಕರುಳಿಗೋ ಯಕೃತ್ತಿಗೋ ತೂತು ಬಿದ್ದು, ಬದುಕುವ ಸಾಧ್ಯತೆ ಇದ್ದರೂ ಇಲ್ಲವಾಗುತ್ತಿತ್ತು. ಹಾಗೆ ತೇಲಿದ ಮೀನು ಕೈಗೆಟಕುವಂತಿದ್ದರೆ ಮತ್ತೆ ಬಲೆಗೆ ಹಾಕಿಕೊಂಡು, ನೆಟ್ಟಗೆ ಸೆಳವಿಗೆ ಎದುರು ಹಿಡಿದು, ಕಿವಿರಿನ ಮುಚ್ಚಳ ನಿಯಮಿತವಾಗಿ ಆಡುವವರೆಗೆ ಕಾಯಿರಿ. ಹತ್ತು ನಿಮಿಷ ಬೇಕಾದೀತು. ಬದುಕುತ್ತದೆಂಬ ಭರವಸೆಯನ್ನು ನಾನು ಕೊಡಲಾರೆ.

ಎರೆಹುಳುವಿನ ಪ್ರಶ್ನೆ ಇವೆಲ್ಲಕ್ಕಿಂತ ಗಂಭೀರವಾದದ್ದು. ಕೃತಕ ನೊಣದಲ್ಲಿ ರುಚಿಯಿಲ್ಲವಾದ್ದರಿಂದ ಟ್ರೌಟ್ ಅದನ್ನು ಕ್ಷಣದಲ್ಲಿ ಉಗುಳಲು ನೋಡುತ್ತದೆ, ಕೊಕ್ಕೆ ಸಾಮಾನ್ಯವಾಗಿ ತುಟಿಯಲ್ಲೋ ದವಡೆಯ ಮೂಲೆಯಲ್ಲೋ ನಾಟುತ್ತದೆ. ಎರೆಹುಳು ನಿಜವಾದ ಆಹಾರ, ಆದ್ದರಿಂದ ಒಳಗೆ ಹೋಗುತ್ತದೆ. ಟ್ರೌಟಿನ ಹೃದಯ ಇರುವುದು ಗಂಟಲಿನ ಕೆಳಗೆ, ಕಿವಿರುಗಳಿಗೆ ಅಂಟಿಕೊಂಡಂತೆ. ಅಲ್ಲಿ ನಾಟಿದ ಕೊಕ್ಕೆ ಹೃದಯಕ್ಕೋ ದೊಡ್ಡ ರಕ್ತನಾಳಕ್ಕೋ ತಾಗಲು ಹೆಚ್ಚು ದೂರವಿಲ್ಲ. ನೊಣದಲ್ಲಿ ಸಿಕ್ಕಿ ಬಿಟ್ಟವುಗಳಲ್ಲಿ ಸಾಯುವವು ನೂರಕ್ಕೆ ಐದರ ಆಸುಪಾಸು ಎಂದರೆ, ಹುಳುವಿನಲ್ಲಿ ಸಿಕ್ಕಿದವುಗಳಲ್ಲಿ ಆ ಪ್ರಮಾಣ ನೂರಕ್ಕೆ ಇಪ್ಪತ್ತೈದು ದಾಟಿದ ಅಧ್ಯಯನಗಳಿವೆ. ಕೊಕ್ಕೆಯನ್ನು ನುಂಗಿದ್ದರೆ ಕೀಳಲು ಹೋಗಬೇಡಿ. ಬಾಯಿಯ ಹತ್ತಿರ ದಾರ ಕತ್ತರಿಸಿ ಬಿಡಿ. ಹೀಗೆ ಬಿಟ್ಟ ಮೀನುಗಳಲ್ಲಿ ಸಾವು ಗಣನೀಯವಾಗಿ ಕಡಿಮೆಯೆಂದೂ, ಬದುಕಿದವುಗಳಲ್ಲಿ ಹಲವು ಕೊಕ್ಕೆಯನ್ನು ಕಾಲಕ್ರಮದಲ್ಲಿ ಹೊರಹಾಕುತ್ತವೆಯೆಂದೂ ಪ್ರಯೋಗಗಳು ತೋರಿಸಿವೆ. ಕೊಕ್ಕೆ ನಾಲ್ಕು ದಿನದಲ್ಲಿ ತುಕ್ಕು ಹಿಡಿದು ಕರಗಿಹೋಗುತ್ತದೆ ಎಂಬುದು ಮಾತ್ರ ಕಟ್ಟುಕತೆ. ತುಕ್ಕು ಹಿಡಿಯದ ಉಕ್ಕಿನದ್ದಾದರೆ ಕರಗುವುದೇ ಇಲ್ಲ. ಬಿಡುವ ಉದ್ದೇಶ ಗಟ್ಟಿಯಿದ್ದರೆ ಹುಳುವನ್ನು ಕೈಬಿಡುವುದೇ ಮೇಲು. ಬಿಡಲಾರೆ ಎನ್ನುವುದಾದರೆ ದಾರವನ್ನು ಬಿಗಿಯಾಗಿಟ್ಟು, ಮೀನು ಮುಟ್ಟಿದ ಕೂಡಲೇ ಎಳೆಯಿರಿ. ನುಂಗಲಿ ಎಂದು ಕಾಯಬೇಡಿ.

ಹಾಗಾದರೆ ಬಿಡುವುದರಿಂದ ಉಪಯೋಗವಿದೆಯೇ? ಇದೆ. ಅಮೆರಿಕದ ಯೆಲ್ಲೊಸ್ಟೋನ್ ನದಿಯ ಕಟ್‌ಥ್ರೋಟ್ ಎಂಬ ಜಾತಿಯ ಟ್ರೌಟ್‌ಗಳನ್ನು ಕುರಿತು 1986ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿಡಿದು ಬಿಡುವುದು ಕಡ್ಡಾಯವಾಗಿದ್ದ ಭಾಗದ ಮೀನೊಂದು ಒಂದೇ ಋತುವಿನಲ್ಲಿ ಸರಾಸರಿ 9.7 ಬಾರಿ ಗಾಳಕ್ಕೆ ಸಿಕ್ಕಿತ್ತು, ಒಂದು ಬಾರಿ ಸಿಕ್ಕಿದ್ದರಿಂದ ಸಾಯುವ ಪ್ರಮಾಣ ನೂರಕ್ಕೆ 0.3 ಮಾತ್ರ ಇತ್ತು. ತಣ್ಣೀರು, ಸರಿಯಾದ ಸಲಕರಣೆ ಇದ್ದಾಗ ಟ್ರೌಟ್ ಇಷ್ಟು ತಾಳಬಲ್ಲದು. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನು ನೋಡದೆ ಇರಬಾರದು. ನೂರಕ್ಕೆ ಐದು ಸಾಯುತ್ತವೆಂದು ಲೆಕ್ಕ ಹಾಕಿದರೂ ಒಂದೇ ದಿನ ನಲವತ್ತು ಮೀನು ಹಿಡಿದು ಬಿಟ್ಟವರು ಎರಡನ್ನು ಕೊಂದಿರುತ್ತಾರೆ. ಎರಡೇ ಹಿಡಿದು ಮನೆಗೊಯ್ದು ರಾಡ್ ಕಟ್ಟಿಟ್ಟವರು ಕೊಂದದ್ದೂ ಅಷ್ಟೇ. ಬೆಚ್ಚನೆಯ ಮಧ್ಯಾಹ್ನ ಈ ಲೆಕ್ಕ ಬಿಡುವವರ ವಿರುದ್ಧವೇ ತಿರುಗುತ್ತದೆ. ಹಿಡಿದದ್ದೆಷ್ಟು ಎಂಬುದಕ್ಕೆ ಮಿತಿ ಹಾಕಿಕೊಳ್ಳುವುದು, ಹಿಡಿದದ್ದನ್ನು ಬಿಡುವಷ್ಟೇ ಮುಖ್ಯ.

ನಿಮ್ಮ ಮುಂದಿರುವ ದಾರಿಗಳಲ್ಲಿ ಮೊದಲನೆಯದು ಬೆಳಿಗ್ಗೆ ಮಾತ್ರ ಗಾಳ ಹಾಕಿ, ಉಷ್ಣತೆ ಮಿತಿ ಮುಟ್ಟಿದೊಡನೆ ನಿಲ್ಲಿಸುವುದು. ನಾನು ಹೇಳುವುದು ಇದನ್ನೇ. ಎರಡನೆಯದು ಮಧ್ಯಾಹ್ನಕ್ಕೆ ಇನ್ನೂ ಎತ್ತರದ, ಇನ್ನೂ ತಣ್ಣನೆಯ ಕವಲುಗಳಿಗೆ ಹೋಗುವುದು; ಅಲ್ಲಿ ಮೀನುಗಳು ಚಿಕ್ಕವು, ಸಂಖ್ಯೆಯೂ ಕಡಿಮೆ, ಆದ್ದರಿಂದ ಅಲ್ಲಿಯ ಮಿತಿ ಇನ್ನೂ ಬಿಗಿಯಾಗಿರಬೇಕು. ಇದರೊಂದಿಗೆ ಬೆರೆಸಿಕೊಳ್ಳಬಾರದ ಒಂದು ಪ್ರಲೋಭನೆಯಿದೆ: ಬೇಸಗೆಯಲ್ಲಿ ತಣ್ಣನೆಯ ಉಪತೊರೆ ಬಂದು ಸೇರುವ ಬಾಯಿಯಲ್ಲಿ, ಒರತೆಯ ಬಳಿಯಲ್ಲಿ ಟ್ರೌಟ್‌ಗಳು ಗುಂಪಾಗಿ ನಿಂತಿರುತ್ತವೆ, ಹಿಡಿಯುವುದು ಸುಲಭ. ಅವು ಅಲ್ಲಿಗೆ ಬಂದಿರುವುದು ಬೇರೆಲ್ಲೂ ಉಳಿಗಾಲವಿಲ್ಲವೆಂದು. ಅಲ್ಲಿ ಗಾಳ ಹಾಕಿ ಬಿಟ್ಟ ಮೀನು ಬೆದರಿ ಬೆಚ್ಚನೆಯ ನೀರಿಗೆ ಓಡಿದರೆ ಹಿಂದಿರುಗುವ ಶಕ್ತಿ ಅದಕ್ಕೆ ಉಳಿದಿರುವುದಿಲ್ಲ. ಮೂರನೆಯ ದಾರಿ ಋತುವನ್ನೇ ಬದಲಿಸುವುದು. ತಂಪುಕಾಲದಲ್ಲಿ ಉಷ್ಣತೆಯ ಚಿಂತೆ ಇಲ್ಲ, ಆದರೆ ಕಂದು ಟ್ರೌಟ್ ಶರತ್ಕಾಲದಿಂದ ಚಳಿಗಾಲದ ಮೊದಲ ಭಾಗದವರೆಗೆ, ರೇನ್‌ಬೋ ಹೆಚ್ಚಾಗಿ ವಸಂತದಲ್ಲಿ ಜಲ್ಲಿಯಲ್ಲಿ ಮೊಟ್ಟೆಯಿಡುತ್ತವೆ. ಪಾಚಿಗಟ್ಟಿದ ತಳದ ನಡುವೆ ಒರೆಸಿಟ್ಟಂತೆ ತಿಳಿಬಣ್ಣದ ಜಲ್ಲಿಯ ತಾಣ ಕಂಡರೆ ಅದರ ಮೇಲೆ ಕಾಲಿಡಬೇಡಿ. ನಿಮ್ಮ ಒಂದು ನಡಿಗೆ ನೂರು ಮೀನು ಬಿಟ್ಟ ಫಲವನ್ನು ಅಳಿಸಬಲ್ಲದು.

ನಾಲ್ಕನೆಯದು ಒಂದೆರಡನ್ನು ಕೊಂದು ತಿಂದು ನಿಲ್ಲಿಸುವುದು. ಇದನ್ನು ಕೀಳಾಗಿ ಕಾಣಬೇಕಿಲ್ಲ. ಬಿಡುವುದೇ ಶ್ರೇಷ್ಠವೆಂಬ ಭಾವನೆ ಎಲ್ಲ ಕಡೆಗೂ ಒಪ್ಪುವುದಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದು ಪ್ರಾಣಿಹಿತದ ನಿಯಮಗಳಿಗೆ ವಿರುದ್ಧ. ರೇನ್‌ಬೋ ಟ್ರೌಟಿನ ತಲೆ ಮತ್ತು ಬಾಯಿಯ ಸುತ್ತ ನೋವನ್ನು ಗ್ರಹಿಸುವ ನರತುದಿಗಳಿವೆಯೆಂದು 2003ರಲ್ಲೇ ತೋರಿಸಲಾಗಿದೆ. ಅದು ನಮ್ಮಂತೆ ನೋವನ್ನು ಅನುಭವಿಸುತ್ತದೆಯೇ ಎಂಬ ಚರ್ಚೆ ಇನ್ನೂ ನಡೆಯುತ್ತಿದ್ದರೂ, ಮೀನಿಗೆ ಏನೂ ಆಗುವುದಿಲ್ಲ ಎಂಬ ಹಳೆಯ ಸಮರ್ಥನೆಯನ್ನು ಇಂದು ಯಾರೂ ನಿಶ್ಚಿಂತೆಯಿಂದ ಹೇಳಲಾರರು. ಟ್ರೌಟ್ ಹೊರಗಿನಿಂದ ತಂದುಬಿಟ್ಟ ಮೀನಾಗಿರುವ ನೀರುಗಳ ಪ್ರಶ್ನೆಯೂ ಇದೆ. 1864ರಲ್ಲಿ ಕಂದು ಟ್ರೌಟಿನ ಮೊಟ್ಟೆಗಳು ಇಂಗ್ಲೆಂಡಿನಿಂದ ಟಾಸ್ಮೇನಿಯ ತಲುಪಿದ ಮೇಲೆ ಅದು ಜಗತ್ತಿನ ಅನೇಕ ಬೆಟ್ಟಗಳ ತೊರೆಗಳನ್ನು ಸೇರಿತು, ಕೆಲವೆಡೆ ಅಲ್ಲಿಯ ಸ್ಥಳೀಯ ಮೀನುಗಳನ್ನು ಮೂಲೆಗೊತ್ತಿತು. ಯೆಲ್ಲೊಸ್ಟೋನ್ ಸರೋವರದಲ್ಲಿ 1994ರಲ್ಲಿ ಪತ್ತೆಯಾದ ಲೇಕ್ ಟ್ರೌಟನ್ನು ಹಿಡಿದವರು ಬಿಡುವಂತೆಯೇ ಇಲ್ಲ, ಕೊಲ್ಲಲೇಬೇಕೆಂಬುದು ಅಲ್ಲಿಯ ನಿಯಮ. ಹಾಗಾಗಿ ನೀವು ಹೋಗುವ ತೊರೆಯ ಟ್ರೌಟ್ ಅಲ್ಲಿಯದೇ ಅಥವಾ ತಂದದ್ದೇ, ಅಲ್ಲಿ ಉಳಿಸಿಕೊಳ್ಳಲು ಎಷ್ಟು ಸಂಖ್ಯೆ ಮತ್ತು ಯಾವ ಅಳತೆಗೆ ಅನುಮತಿಯಿದೆ ಎಂಬುದನ್ನು ಪರವಾನಗಿ ಕೊಡುವವರಲ್ಲಿ ಮೊದಲೇ ವಿಚಾರಿಸಿಕೊಳ್ಳಿ.

ಕಿವಿರಿನಿಂದ ರಕ್ತ ಸುರಿಯುತ್ತಿರುವ ಮೀನು ಬದುಕುವುದು ಕಷ್ಟ. ನಿಯಮ ಒಪ್ಪಿದರೆ ಅದನ್ನು ನಿಮ್ಮ ಪಾಲಿನ ಎರಡರಲ್ಲಿ ಒಂದೆಂದು ಎಣಿಸಿ, ಕಣ್ಣುಗಳ ಹಿಂದೆ ತಲೆಯ ಮೇಲೆ ಒಂದೇ ಏಟು ಗಟ್ಟಿಯಾಗಿ ಕೊಟ್ಟು ಕೊಂದು ಇಟ್ಟುಕೊಳ್ಳಿ. ದಡದ ಮೇಲೆ ಒದ್ದಾಡಲು ಬಿಡಬೇಡಿ. ಅಳತೆಗಿಂತ ಚಿಕ್ಕದೆಂಬ ಕಾರಣಕ್ಕೆ ಇಟ್ಟುಕೊಳ್ಳುವಂತಿಲ್ಲವಾದರೆ, ಸಾಯುತ್ತದೆಂದು ತಿಳಿದಿದ್ದರೂ ನೀರಿಗೇ ಬಿಡಬೇಕಾಗುತ್ತದೆ, ಮತ್ತು ಅಂಥದ್ದು ಒಂದೇ ದಿನದಲ್ಲಿ ಎರಡನೆಯ ಸಲ ಆದರೆ ಅಂದಿನ ಮಟ್ಟಿಗೆ ಕೊಕ್ಕೆಯ ಗಾತ್ರವನ್ನೋ ಹಿಡಿಯುವ ಬಗೆಯನ್ನೋ ಬದಲಿಸಬೇಕು, ಇಲ್ಲವೇ ಗಾಳ ಹಾಕುವುದನ್ನು ನಿಲ್ಲಿಸಬೇಕು.